ಊಟದ ಲೆಕ್ಕ, ಥೀಸಿಸ್ ಲೆಕ್ಕ: ನೋಟ್‌ಬುಕ್, ಆ್ಯಪ್, ಸ್ಪ್ರೆಡ್‌ಶೀಟ್ – ಯಾವುದು ಯಾರಿಗೆ?

ಪಿಎಚ್‌.ಡಿ. ಮಾಡುವವರನ್ನು "ಊಟ ಆಯ್ತಾ?" ಅಂತ ಕೇಳಿ. ಥಟ್ ಅಂತ ಉತ್ತರ ಬರುತ್ತದೆ. "ಎಷ್ಟು ಗಂಟೆಗೆ ಆಯ್ತು?" ಅಂದರೆ ಸ್ವಲ್ಪ ಯೋಚಿಸುತ್ತಾರೆ. "ಹೋದ ಮಂಗಳವಾರ ಎಷ್ಟು ಗಂಟೆಗೆ ಊಟ ಮಾಡಿದಿರಿ, ಅವತ್ತು ಎಷ್ಟು ಬರೆದಿರಿ?" ಅಂದರೆ ಯಾರಿಗೂ ನೆನಪಿರುವುದಿಲ್ಲ. ನನಗೂ ಇರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಓಡುವುದಿಲ್ಲ, ಥೀಸಿಸ್ ಮುಂದೆ ಹೋಗುತ್ತಿಲ್ಲ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಮೆಸ್ಸಿನಲ್ಲಿ ಅನ್ನ ಜಾಸ್ತಿ ಆಗಿ ಹೀಗಾಗುತ್ತಿದೆಯಾ? ಬೆಳಗಿನ ತಿಂಡಿ ಬಿಡುವುದರಿಂದಾ? ರಾತ್ರಿ ಲೇಟಾಗಿ ಮಲಗುವುದರಿಂದಾ? ಊಹೆ ಮಾಡುತ್ತಾ ಕೂತರೆ ಮುಗಿಯುವ ಮಾತಲ್ಲ. ಬರೆದಿಡಬೇಕು.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುತ್ತೇನೆ. ಊಟ, ಕೆಲಸ ಎರಡನ್ನೂ ಬರೆದಿಡುವುದಕ್ಕೆ ನಾಲ್ಕು ದಾರಿ ನೋಡಿದ್ದೇನೆ: ಜೇಬಿನ ನೋಟ್‌ಬುಕ್, ಕ್ಯಾಲೊರಿ ಎಣಿಸುವ ಆ್ಯಪ್, ಸ್ಪ್ರೆಡ್‌ಶೀಟ್, ಮತ್ತು ಫಾರಂ ತುಂಬಿದರೆ ತಾನೇ ಶೀಟಿಗೆ ಸೇರುವ ವ್ಯವಸ್ಥೆ. ಒಂದೊಂದನ್ನೂ ಕನಿಷ್ಠ ಒಂದು ತಿಂಗಳು ಬಳಸಿದೆ. ನನ್ನ ಒಲವು ಸ್ಪ್ರೆಡ್‌ಶೀಟ್ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಅದು ಎಲ್ಲರಿಗೂ ಬೇಕಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ಯಾವುದು?

ಸಾಧನ ಆರಿಸುವ ಮೊದಲು, ನಿಮಗೆ ಏನು ಗೊತ್ತಾಗಬೇಕು ಅಂತ ಒಂದು ಸಾಲು ಬರೆದುಕೊಳ್ಳಿ. ಸುತ್ತಮುತ್ತ ನಾನು ಕೇಳಿದ ಪ್ರಶ್ನೆಗಳು ಮೂರು ಥರ. "ನಾನು ಸರಿಯಾಗಿ ತಿನ್ನುತ್ತಿದ್ದೇನಾ?" – ಇದು ಪ್ರೋಟೀನ್, ಕಬ್ಬಿಣಾಂಶ, ತೂಕದ ಪ್ರಶ್ನೆ. "ನಾನು ಊಟ ಬಿಡುತ್ತಿದ್ದೇನಾ?" – ಇದು ಅಭ್ಯಾಸದ ಪ್ರಶ್ನೆ. "ನನ್ನ ಊಟಕ್ಕೂ ಕೆಲಸಕ್ಕೂ ಏನಾದರೂ ಸಂಬಂಧ ಇದೆಯಾ?" – ಇದು ಹೋಲಿಕೆಯ ಪ್ರಶ್ನೆ.

ಮೊದಲನೆಯದಕ್ಕೆ ಆ್ಯಪ್ ಒಳ್ಳೆಯದು. ಎರಡನೆಯದಕ್ಕೆ ನೋಟ್‌ಬುಕ್ ಸಾಕು. ಮೂರನೆಯದಕ್ಕೆ ಮಾತ್ರ ಸ್ಪ್ರೆಡ್‌ಶೀಟ್ ಬೇಕೇ ಬೇಕು. ಯಾಕೆಂದರೆ ಊಟ ಮತ್ತು ಕೆಲಸ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತರೆ ಮಾತ್ರ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಊಟ ಒಂದು ಆ್ಯಪಿನಲ್ಲಿ, ಕೆಲಸ ಇನ್ನೊಂದು ಡೈರಿಯಲ್ಲಿ ಇದ್ದರೆ ಎರಡನ್ನೂ ಜೋಡಿಸುವ ದಿನ ಬರುವುದೇ ಇಲ್ಲ. ನನಗೆ ಬರಲಿಲ್ಲ.

ನೋಟ್‌ಬುಕ್

ಮುದ್ದೆ ತಿಂದು ಕೈ ತೊಳೆದು ಬಂದು ಫೋನ್ ತೆಗೆದರೆ ಮೊದಲು ವಾಟ್ಸ್ಆ್ಯಪ್ ಕಾಣುತ್ತದೆ. ಗೈಡ್ ಏನೋ ಕೇಳಿರುತ್ತಾರೆ, ಗ್ರೂಪಿನಲ್ಲಿ ಏನೋ ಬಂದಿರುತ್ತದೆ. ಊಟ ಬರೆಯುವುದು ಮರೆತೇ ಹೋಗುತ್ತದೆ. ನೋಟ್‌ಬುಕ್ಕಿಗೆ ಈ ತೊಂದರೆ ಇಲ್ಲ. "1.20. ಮುದ್ದೆ, ಬಸ್ಸಾರು, ಮಜ್ಜಿಗೆ. ಬೆಳಿಗ್ಗೆ ಎರಡು ಪೇಪರ್ ಓದಿದ್ದು." ಇಷ್ಟು ಬರೆಯಲು ಅರ್ಧ ನಿಮಿಷ ಸಾಕು. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ.

ಇನ್ನೊಂದು ಒಳ್ಳೆಯ ಗುಣ ಇದೆ. ನೋಟ್‌ಬುಕ್ಕಿನಲ್ಲಿ ಅವತ್ತಿನ ಮನಸ್ಸೂ ಸೇರುತ್ತದೆ. "ತಲೆನೋವು", "ರಿವ್ಯೂ ಬಂತು, ಬೇಜಾರು" ಅಂತೆಲ್ಲ ತಾನಾಗಿ ಬರೆಯುತ್ತೇವೆ. ಶೀಟಿನ ಸಣ್ಣ ಚೌಕದಲ್ಲಿ ಇದು ಬರುವುದಿಲ್ಲ.

ಕಷ್ಟ ಶುರುವಾಗುವುದು ತಿಂಗಳ ಕೊನೆಯಲ್ಲಿ. ತಿಂಡಿ ಬಿಟ್ಟ ದಿನ ಎಷ್ಟು ಅಂತ ನೋಡಲು ಒಂದು ಭಾನುವಾರ ಮೂವತ್ತು ಪುಟ ತಿರುವಿ ಹಾಕಿ ಗೀಟು ಎಳೆಯುತ್ತಾ ಎಣಿಸಿದೆ. ಎಣಿಸಿದ್ದಾಯಿತು. ಆ ದಿನಗಳಲ್ಲಿ ಕೆಲಸ ಹೇಗಿತ್ತು ಅಂತ ನೋಡಬೇಕಾದರೆ ಮತ್ತೆ ಮೊದಲಿಂದ ತಿರುವಬೇಕು. ಊಟ ಬಿಡುತ್ತಿದ್ದೇನಾ ಅನ್ನುವ ಪ್ರಶ್ನೆಗೆ ಎರಡು ವಾರದ ನೋಟ್‌ಬುಕ್ ಸಾಕು. ಬರೆಯಲು ಶುರು ಮಾಡಿದ ನಾಲ್ಕೈದು ದಿನಕ್ಕೇ ಉತ್ತರ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಮುಂದೆ ಹೋಗಬೇಕಾದರೆ ಬೇರೆ ದಾರಿ ನೋಡಬೇಕು.

ಕ್ಯಾಲೊರಿ ಆ್ಯಪ್

ಪೋಷಕಾಂಶದ ಲೆಕ್ಕ ಬೇಕಾದವರಿಗೆ ಆ್ಯಪ್ ತುಂಬ ಶ್ರಮ ಉಳಿಸುತ್ತದೆ. ತೂಕ ಇಳಿಸುವವರು, ಜಿಮ್ಮಿಗೆ ಹೋಗುವವರು, ರಕ್ತ ಕಡಿಮೆ ಇದೆ ಅಂತ ಡಾಕ್ಟರ್ ಹೇಳಿದವರು ಇದನ್ನೇ ಬಳಸಲಿ. ಆದರೆ ನಮ್ಮ ಕಡೆಯ ಊಟಕ್ಕೆ ಅದು ಎಷ್ಟು ಹೊಂದುತ್ತದೆ ಅಂತ ಮೊದಲ ದಿನವೇ ಪರೀಕ್ಷೆ ಮಾಡಿ. ನಾನು ಬಳಸಿದ ಆ್ಯಪಿನಲ್ಲಿ "ರಾಗಿ ಮುದ್ದೆ" ಅಂತ ಹುಡುಕಿದರೆ ಹಲವು ಮುದ್ದೆ ಬಂದವು. ಎಲ್ಲಕ್ಕೂ "ಒಂದು ಮುದ್ದೆ" ಅಂತಲೇ ಅಳತೆ. ಕ್ಯಾಲೊರಿ ಮಾತ್ರ ಒಂದೊಂದಕ್ಕೆ ಒಂದೊಂದು. ನನ್ನ ಮೆಸ್ಸಿನ ಮುದ್ದೆಯೇ ಬೇರೆ, ಮಂಡ್ಯದ ಹಳ್ಳಿಮನೆಯ ಮುದ್ದೆಯೇ ಬೇರೆ ಅಲ್ವಾ? ಉಪ್ಪೆಸರು, ಮಸ್ಸೊಪ್ಪು ಸಿಗಲೇ ಇಲ್ಲ. ಹತ್ತಿರದ್ದು ಅಂತ ಯಾವುದೋ ಸೂಪ್ ಆರಿಸಬೇಕಾಯಿತು.

ಪೋಷಕಾಂಶ ನಿಖರವಾಗಿ ಬೇಕಾದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳು ಇವೆ. ಅದರಲ್ಲಿ 528 ಆಹಾರ ಪದಾರ್ಥಗಳ ವಿವರ ಇದೆ. ಅಲ್ಲಿ 100 ಗ್ರಾಂ ರಾಗಿಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಕೊಟ್ಟಿದ್ದಾರೆ. ಆದರೆ ಇದು ಹಸಿ ಧಾನ್ಯದ ಲೆಕ್ಕ. ನೀರು ಕುಡಿದ ಮುದ್ದೆ, ಹಿಟ್ಟಿನ ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ. 100 ಗ್ರಾಂ ಮುದ್ದೆ ತಿಂದು 364 ಬಂತು ಅಂದುಕೊಂಡರೆ ತಪ್ಪಾಗುತ್ತದೆ. ಮನೆಯಲ್ಲಿ ಅಡುಗೆ ಮಾಡುವವರು ಹಿಟ್ಟು ತೂಗಿ ಬರೆಯಬಹುದು. ಮೆಸ್ಸಿನಲ್ಲಿ ಊಟ ಮಾಡುವವರಿಗೆ ಅದು ಆಗದ ಮಾತು.

ನಮ್ಮ ಕೆಲಸಕ್ಕೆ ಆ್ಯಪಿನ ನಿಜವಾದ ಕೊರತೆ ಬೇರೆ ಇದೆ. ಇವತ್ತು ಮೂರನೇ ಅಧ್ಯಾಯದ ಎರಡು ಪುಟ ತಿದ್ದಿದೆ ಅಂತ ಬರೆಯಲು ಅಲ್ಲಿ ಜಾಗವೇ ಇಲ್ಲ. ಡೇಟಾ ಹೊರಗೆ ತೆಗೆಯಲು ಕೆಲವು ಆ್ಯಪ್ ಬಿಡುತ್ತವೆ, ಕೆಲವು ಹಣ ಕೇಳುತ್ತವೆ. ಹಾಕಿಕೊಳ್ಳುವ ಮೊದಲೇ ಇದೊಂದನ್ನು ವಿಚಾರಿಸಿ.

ಇಲ್ಲಿ ಒಂದು ಮಾತು ಮನಸಾರೆ ಹೇಳಬೇಕು. ಊಟದ ಬಗ್ಗೆ ಭಯ, ತಪ್ಪಿತಸ್ಥ ಭಾವ ಮೊದಲೇ ಇರುವವರು, ಊಟ ಬಿಟ್ಟು ಬಿಟ್ಟು ಆರೋಗ್ಯ ಕೆಟ್ಟವರು ಕ್ಯಾಲೊರಿ ಎಣಿಸುವ ಯಾವ ಸಾಧನವನ್ನೂ ಬಳಸಬೇಡಿ. ಅಂಕಿ ಕಣ್ಣಮುಂದೆ ಇದ್ದಷ್ಟೂ ಕಷ್ಟ ಹೆಚ್ಚಾಗಬಹುದು. ಶುಗರ್ ಇರುವವರು ತಮ್ಮ ಡಾಕ್ಟರ್ ಹೇಳಿದ ಹೊತ್ತಿಗೆ ಊಟ ಮಾಡಲಿ. ಶೀಟು ಹೇಳಿತು ಅಂತ ಹೊತ್ತು ಬದಲಾಯಿಸುವುದು ಬೇಡ.

ಸ್ಪ್ರೆಡ್‌ಶೀಟ್: ಸಾಲು ಎಲ್ಲಿಂದ ಶುರು?

ಗೂಗಲ್ ಶೀಟ್ಸಾ, ಎಕ್ಸೆಲ್ಲಾ, ಲಿಬ್ರೆಆಫೀಸ್ ಕ್ಯಾಲ್ಕಾ ಅಂತ ತುಂಬ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಎಕ್ಸೆಲ್‌ನ ಒಂದು ಶೀಟಿನಲ್ಲಿ 10,48,576 ಸಾಲು ಇವೆ. ಗೂಗಲ್ ಶೀಟ್ಸ್‌ನಲ್ಲಿ ಒಂದು ಕೋಟಿ ಚೌಕದವರೆಗೆ ಹೋಗಬಹುದು. ನಮಗೆ ಬೇಕಾಗಿರುವುದು ವರ್ಷಕ್ಕೆ 365 ಸಾಲು, ಒಂಬತ್ತು ಕಾಲಂ. ಆದ್ದರಿಂದ ನೀವು ಎಲ್ಲಿ ಕೂತು ಬರೆಯುತ್ತೀರಿ ಅನ್ನುವುದೇ ಮುಖ್ಯ. ಫೋನಿನಲ್ಲಿ ಬರೆಯುವವರಿಗೆ ಗೂಗಲ್ ಶೀಟ್ಸ್ ಸುಲಭ. ಆಫ್‌ಲೈನ್ ಆಯ್ಕೆ ಹಾಕಿಟ್ಟರೆ ನೆಟ್ ಇಲ್ಲದ ಕಡೆಯೂ ನಡೆಯುತ್ತದೆ. ಊಟದ ವಿವರ ಯಾವ ಕಂಪನಿಯ ಸರ್ವರಿಗೂ ಹೋಗಬಾರದು ಅನ್ನುವವರಿಗೆ, ಹಳೆ ಲ್ಯಾಪ್‌ಟಾಪ್ ಇರುವವರಿಗೆ ಕ್ಯಾಲ್ಕ್ ಚೆನ್ನ. ಅದು ಉಚಿತ, ಅಕೌಂಟೂ ಬೇಡ. ಎಕ್ಸೆಲ್ ಈಗಾಗಲೇ ಕೈಗೆ ಹತ್ತಿದವರು ಅದರಲ್ಲೇ ಇರಿ. ಯಾವುದೇ ಇರಲಿ, ಲ್ಯಾಬಿನ ಹಂಚಿಕೆಯ ಅಕೌಂಟಿನಲ್ಲಿ ಮಾತ್ರ ಇಡಬೇಡಿ. ನೀವು ಯಾವತ್ತು ಊಟ ಬಿಟ್ಟಿರಿ ಅನ್ನುವುದು ನಿಮ್ಮ ಸ್ವಂತ ವಿಷಯ.

ಇದಕ್ಕಿಂತ ಹೆಚ್ಚು ಯೋಚನೆ ಬೇಡುವುದು ಸಾಲಿನ ರಚನೆ. ಇಲ್ಲಿ ಎರಡು ದಾರಿ ಇದೆ. ತಿಂದಾಗಲೆಲ್ಲ ಒಂದು ಸಾಲು ಅನ್ನುವುದು ಒಂದು. ದಿನಕ್ಕೆ ಒಂದೇ ಸಾಲು ಅನ್ನುವುದು ಇನ್ನೊಂದು. ನಾನು ಮೊದಲು ತಿಂದಾಗಲೆಲ್ಲ ಬರೆದೆ. ಕಾಫಿ ಒಂದು ಸಾಲು, ನಾಲ್ಕು ಗಂಟೆಯ ಮದ್ದೂರು ವಡೆ ಒಂದು ಸಾಲು. ವಿವರ ಬಹಳ ಸಿಕ್ಕಿತು. ಆದರೆ ಕೆಲಸವನ್ನು ಯಾವ ಸಾಲಿಗೆ ಸೇರಿಸಬೇಕು? ವಡೆಯ ಪಕ್ಕ 200 ಪದ ಅಂತ ಬರೆಯುವುದಾ? ಅರ್ಥವಿಲ್ಲ. ದಿನಕ್ಕೆ ಒಂದೇ ಸಾಲು ಅಂತ ಬದಲಾಯಿಸಿದ ಮೇಲೆ ಲೆಕ್ಕ ಹಾಕಲು ಆಯಿತು.

ಆಮೇಲೂ ಒಂದು ತಪ್ಪು ಉಳಿದಿತ್ತು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ಕೊನೆಗೆ ಆ ದಿನದ ಕೆಲಸ ಅಂತ ಕಾಲಂ ಮಾಡಿದ್ದೆ. ನೋಡಲು ಸರಿಯಾಗಿಯೇ ಇದೆ. ಆದರೆ ರಾತ್ರಿ ಹತ್ತಕ್ಕೆ ಉಂಡ ಊಟ ಅವತ್ತು ಬೆಳಿಗ್ಗೆ ಮುಗಿದ ಕೆಲಸಕ್ಕೆ ಹೇಗೆ ಕಾರಣ ಆದೀತು? ಅದು ಏನಾದರೂ ಮಾಡಿದರೆ ಮಾರನೆಯ ದಿನಕ್ಕೆ ಮಾಡುತ್ತದೆ. ಹಾಗಾಗಿ ಈಗ ನನ್ನ ಸಾಲು ನಿನ್ನೆ ರಾತ್ರಿಯ ಊಟದಿಂದ ಶುರುವಾಗುತ್ತದೆ.

ಒಂದು ದಿನದ ಸಾಲು ಹೀಗಿದೆ: ದಿನಾಂಕ. ನಿನ್ನೆ ರಾತ್ರಿ ಊಟದ ಹೊತ್ತು, 21:45. ನಿದ್ದೆ, ಆರೂವರೆ ಗಂಟೆ. ಬೆಳಗಿನ ಕೆಲಸಕ್ಕೆ ಮೊದಲು ತಿಂಡಿ, ಹೌದು. ಬೆಳಗಿನ ಕಂತು, 4. ಮಧ್ಯಾಹ್ನ ಊಟದ ಹೊತ್ತು, 13:10. ಊಟದ ಥರ, ಮುದ್ದೆ. ಊಟದ ನಂತರದ ಕಂತು, 2. ಟಿಪ್ಪಣಿ, "ಕರೆಂಟ್ ಹೋಗಿತ್ತು".

ಕಂತು ಅಂದರೆ ಎದ್ದೇಳದೆ, ಫೋನ್ ಮುಟ್ಟದೆ ಕೂತ 25 ನಿಮಿಷ. ಪೊಮೊಡೊರೊ ಅಂತ ಹಲವರಿಗೆ ಗೊತ್ತಿರುವ ಪದ್ಧತಿಯ ಅಳತೆ ಅದು. ಕೆಲಸವನ್ನು ಊಟಕ್ಕೆ ಮೊದಲು, ಊಟದ ನಂತರ ಅಂತ ಎರಡು ಮಾಡಿದ್ದನ್ನು ಗಮನಿಸಿ. ಮಧ್ಯಾಹ್ನದ ಊಟವನ್ನು ಮಧ್ಯಾಹ್ನದ ಕೆಲಸದ ಜೊತೆ ಮಾತ್ರ ಹೋಲಿಸಬೇಕು. ಇಡೀ ದಿನದ ಕೆಲಸದ ಜೊತೆ ಹೋಲಿಸಿದರೆ ಬೆಳಗಿನ ನಾಲ್ಕು ಕಂತು ಸುಮ್ನೆ ಅಡ್ಡ ಬರುತ್ತವೆ.

ಊಟದ ಥರಕ್ಕೆ ನಾನು ನಾಲ್ಕೇ ಆಯ್ಕೆ ಇಟ್ಟಿದ್ದೇನೆ: ಮುದ್ದೆ, ಅನ್ನ, ತಿಂಡಿಯೇ ಊಟ, ಬಿಟ್ಟಿದ್ದು. ಗ್ರಾಂ ಇಲ್ಲ, ಕ್ಯಾಲೊರಿ ಇಲ್ಲ. ಹಾಸ್ಟೆಲ್ ಊಟ ಮಾಡುವವರಿಗೆ ನಿಜವಾಗಿ ಗೊತ್ತಿರುವುದು ಇಷ್ಟೇ. ಗೊತ್ತಿರುವುದನ್ನಷ್ಟೇ ಬರೆದರೆ ಶೀಟು ಸುಳ್ಳು ಹೇಳುವುದಿಲ್ಲ.

ಕನ್ನಡದಲ್ಲಿ ಶೀಟು ಮಾಡುವವರಿಗೆ

ಇಲ್ಲಿ ನಾನು ತುಂಬ ಹೊತ್ತು ಕಳೆದುಕೊಂಡೆ. ನಿಮಗೆ ಆ ಕಷ್ಟ ಬೇಡ.

ನಾವು ಒಂದೂವರೆಯನ್ನು 1.30 ಅಂತ ಚುಕ್ಕೆ ಇಟ್ಟು ಬರೆದು ರೂಢಿ. ಶೀಟಿಗೆ ಅದು ಸಮಯ ಅಲ್ಲ, 1.3 ಅನ್ನುವ ದಶಮಾಂಶ. 13:30 ಅಂತ ಎರಡು ಚುಕ್ಕೆ ಇಟ್ಟು, 24 ಗಂಟೆಯ ಲೆಕ್ಕದಲ್ಲಿ ಬರೆಯಿರಿ. ದಿನಾಂಕವೂ ಹೀಗೇ. ಗೂಗಲ್ ಶೀಟ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಅಂತ ಇದ್ದರೆ 5/7 ಅನ್ನುವುದು ಜುಲೈ 5 ಆಗದೆ ಮೇ 7 ಆಗುತ್ತದೆ. ಮೊದಲ ದಿನವೇ ಭಾರತ ಅಂತ ಬದಲಾಯಿಸಿ. ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಮತ್ತು ಸೆಮಿಕೋಲನ್ ಒಟ್ಟಿಗೆ ಒತ್ತಿದರೆ ಇವತ್ತಿನ ದಿನಾಂಕ ತಾನೇ ಬರುತ್ತದೆ. ಶೀಟು ತಾನಾಗಿ ಊಹೆ ಮಾಡುವುದರಿಂದ ದೊಡ್ಡವರಿಗೂ ತೊಂದರೆ ಆಗಿದೆ. ಮಾರ್ಚ್1, ಸೆಪ್ಟ್2 ಅನ್ನುವ ಜೀನ್ ಹೆಸರುಗಳನ್ನು ಎಕ್ಸೆಲ್ ತಾರೀಖು ಅಂದುಕೊಂಡು ಬದಲಾಯಿಸುತ್ತಿತ್ತು. ಎಷ್ಟೋ ಪ್ರಕಟಿತ ಪೇಪರ್‌ಗಳ ಪಟ್ಟಿಯಲ್ಲೂ ಈ ತಪ್ಪು ಸೇರಿಕೊಂಡಿತ್ತು. ಕೊನೆಗೆ ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅಂಥ ಜೀನ್‌ಗಳ ಹೆಸರನ್ನೇ ಬದಲಾಯಿಸಿ, 2020ರಲ್ಲಿ ಹೊಸ ನಿಯಮ ಪ್ರಕಟಿಸಿತು.

ಕನ್ನಡದ್ದೇ ಆದ ಒಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ಅರ್ಧಾಕ್ಷರ ಸರಿಯಾಗಿ ಬರಲಿ ಅಂತ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಗುರುತು ಸೇರಿಸುತ್ತವೆ. ಫೋನಿನಲ್ಲಿ ಬರೆದ "ಸಾಂಬಾರ್", ಲ್ಯಾಪ್‌ಟಾಪಿನಲ್ಲಿ ಬರೆದ "ಸಾಂಬಾರ್" ನೋಡಲು ಒಂದೇ. ಒಂದರ ಕೊನೆಯಲ್ಲಿ ಆ ಗುರುತು ಇದ್ದರೆ ಶೀಟಿಗೆ ಅವು ಎರಡು ಬೇರೆ ಪದ. ಎಣಿಸಿದಾಗ ಸಂಖ್ಯೆ ಕಡಿಮೆ ಬರುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಮುದ್ದೆ, ರಾಗಿ ಮುದ್ದೆ, ರಾಗಿಮುದ್ದೆ ಅಂತ ಮೂರು ಥರ ಬರೆದರೂ ಅಷ್ಟೇ. ಪರಿಹಾರ ಒಂದೇ: ಆ ಕಾಲಂಗೆ ಡ್ರಾಪ್‌ಡೌನ್ ಹಾಕಿ. ಡೇಟಾ ವ್ಯಾಲಿಡೇಷನ್ ಅನ್ನುವ ಆಯ್ಕೆಯಲ್ಲಿ ನಾಲ್ಕು ಪದ ಕೊಟ್ಟರೆ ಆಯಿತು. ಆಮೇಲೆ ಟೈಪ್ ಮಾಡುವುದೇ ಇಲ್ಲ, ಆರಿಸುವುದಷ್ಟೇ.

ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುವ ಅಭ್ಯಾಸ ಇರುವವರು ಇದಕ್ಕೆ ಮಾತ್ರ ಯೂನಿಕೋಡ್ ಬಳಸಿ. ಹಳೆ ಫಾಂಟಿನಲ್ಲಿ ಬರೆದದ್ದು ಫೋನಿನಲ್ಲಿ ತೆರೆದರೆ ಬರೀ ಅಡ್ಡಾದಿಡ್ಡಿ ಅಕ್ಷರ ಕಾಣುತ್ತದೆ.

ಖಾಲಿ ಬಿಡುವುದು ಬೇರೆ, ಸೊನ್ನೆ ಹಾಕುವುದು ಬೇರೆ. ಸರಾಸರಿ ತೆಗೆಯುವಾಗ ಖಾಲಿ ಚೌಕವನ್ನು ಶೀಟು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಎಣಿಸುತ್ತದೆ. ಬರೆಯಲು ಮರೆತ ದಿನ ಖಾಲಿ ಬಿಡಿ. ಕೆಲಸವೇ ಆಗದ ದಿನ 0 ಹಾಕಿ. ಇದನ್ನು ಕಲಸಿಬಿಟ್ಟರೆ ಎಲ್ಲ ಸರಾಸರಿಯೂ ಹಾಳು.

ಫಾರಂ ಮೂಲಕ

ಗೂಗಲ್ ಫಾರಂ ಮಾಡಿ ಫೋನಿನ ಮೊದಲ ಪರದೆಗೆ ಹಾಕಿಕೊಂಡರೆ ಎರಡು ಮೂರು ಬಾರಿ ಒತ್ತಿದರೆ ಮುಗಿಯಿತು. ಸಾಲು ತಾನೇ ಶೀಟಿಗೆ ಸೇರುತ್ತದೆ. ಶೀಟಿನ ಸಣ್ಣ ಚೌಕಗಳು ಫೋನಿನಲ್ಲಿ ಕಷ್ಟ ಅನ್ನುವವರಿಗೆ ಇದು ಒಳ್ಳೆಯದು. ಒಂದು ಎಚ್ಚರಿಕೆ: ಫಾರಂ ತಾನಾಗಿ ಬರೆದುಕೊಳ್ಳುವ ಸಮಯ ನೀವು ಕಳಿಸಿದ ಸಮಯ, ಉಂಡ ಸಮಯ ಅಲ್ಲ. ಊಟದ ಹೊತ್ತಿಗೆ ಬೇರೆ ಪ್ರಶ್ನೆ ಇಡಿ. ಮತ್ತೆ, ಆಮೇಲೆ ತಪ್ಪು ತಿದ್ದಬೇಕಾದರೆ ಶೀಟಿಗೆ ಹೋಗುವುದೇ ಸುಲಭ. ನಾನು ಒಂದು ತಿಂಗಳ ನಂತರ ನೇರ ಶೀಟಿಗೆ ವಾಪಸ್ ಬಂದೆ.

ಕೆಲಸ ಅಳೆಯುವುದು ಹೇಗೆ?

ಊಟ ಅಳೆಯುವುದಕ್ಕಿಂತ ಇದು ಕಷ್ಟ. ಪದಗಳ ಎಣಿಕೆ ಬರೆಯುವ ತಿಂಗಳಲ್ಲಿ ಸರಿ. ಓದುವ ತಿಂಗಳಲ್ಲಿ ದಿನವೂ ಸೊನ್ನೆ ಬರುತ್ತದೆ. 800 ಪದ ಅಳಿಸಿ ಅಧ್ಯಾಯ ಚೊಕ್ಕ ಮಾಡಿದ ದಿನ ಅದು ನಷ್ಟ ಅಂತ ತೋರಿಸುತ್ತದೆ, ಆದರೆ ಅದೇ ನಿಜವಾಗಿ ಕೆಲಸ ಆದ ದಿನ.

ಅವರವರ ವಿಷಯಕ್ಕೆ ತಕ್ಕ ಅಳತೆ ಬೇಕು. 1891ರಲ್ಲಿ ಶುರುವಾದ ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಕೂತು ಹಸ್ತಪ್ರತಿ ಓದುವವರಿಗೆ, ಓದಿ ಮುಗಿಸಿದ ಓಲೆಗರಿಯ ಲೆಕ್ಕ ಪದಗಳ ಲೆಕ್ಕಕ್ಕಿಂತ ಅರ್ಥಪೂರ್ಣ. ಲ್ಯಾಬಿನವರ ಹೊತ್ತನ್ನು ಪ್ರಯೋಗವೇ ತೀರ್ಮಾನ ಮಾಡುತ್ತದೆ. ಸ್ಯಾಂಪಲ್ ಮೂರು ಗಂಟೆ ಕಾವಿನಲ್ಲಿ ಇರಬೇಕಾದರೆ ಆ ಮೂರು ಗಂಟೆ ಕೆಲಸವೂ ಹೌದು, ಅಲ್ಲವೂ ಹೌದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಗದ್ದೆ ಪ್ರಯೋಗ ಮಾಡುವವರ ಕಥೆ ಇನ್ನೂ ಬೇರೆ. ಇಂಡಾಫ್ ರಾಗಿ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ದುಡಿದ ಜಾಗ ಅದು. ಅಲ್ಲಿ ಬಿಸಿಲೇರುವ ಮೊದಲೇ ಹೊಲಕ್ಕೆ ಇಳಿಯಬೇಕು, ತಿಂಡಿ ಹತ್ತಕ್ಕೆ ಹೋಗುತ್ತದೆ. ಅಂಥವರು ಊಟಕ್ಕೆ ಮೊದಲು, ನಂತರ ಅನ್ನುವ ಬದಲು ಹೊಲದ ದಿನ, ಟೇಬಲ್ಲಿನ ದಿನ ಅಂತ ಒಂದು ಕಾಲಂ ಇಟ್ಟು ಎರಡನ್ನೂ ಬೇರೆ ಬೇರೆ ನೋಡಬೇಕು.

ನನಗೆ ಕಂತಿನ ಲೆಕ್ಕ ಹೊಂದಿತು. ಓದಿದರೂ, ಬರೆದರೂ, ಅಳಿಸಿದರೂ ಕೂತದ್ದು ಕೂತದ್ದೇ. ಗುಣಮಟ್ಟ ಇದರಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ದಿನದ ಕೊನೆಯಲ್ಲಿ ಐದಕ್ಕೆ ಇಷ್ಟು ಅಂತ ಅಂಕ ಹಾಕಿಕೊಳ್ಳುವ ಪದ್ಧತಿಯನ್ನೂ ನೋಡಿದೆ. ಹೊಟ್ಟೆ ತುಂಬಿ ಖುಷಿಯಾಗಿದ್ದ ದಿನ ಅಂಕವೂ ಜಾಸ್ತಿ ಹಾಕುತ್ತಿದ್ದೆ. ಆಮೇಲೆ ಊಟಕ್ಕೂ ಅಂಕಕ್ಕೂ ಸಂಬಂಧ ಇದೆ ಅಂತ ಕಂಡರೆ ಅದರಲ್ಲಿ ಹೊಸದೇನು? ಬಿಟ್ಟುಬಿಟ್ಟೆ.

ಅಂಕಿ ಓದುವಾಗ

ಒಂದು ತಿಂಗಳಾದ ಮೇಲೆ ಆವರೇಜ್‌ಇಫ್ (AVERAGEIF) ಸೂತ್ರ ಹಾಕಿ. ಅದಕ್ಕೆ ಮೂರು ವಿಷಯ ಕೊಡಬೇಕು: ಊಟದ ಥರದ ಕಾಲಂ, "ಮುದ್ದೆ" ಅನ್ನುವ ಪದ, ಊಟದ ನಂತರದ ಕಂತಿನ ಕಾಲಂ. ಮುದ್ದೆ ತಿಂದ ದಿನಗಳಲ್ಲಿ ಮಧ್ಯಾಹ್ನ ಸರಾಸರಿ ಎಷ್ಟು ಕಂತು ಅಂತ ಒಂದೇ ಸಂಖ್ಯೆ ಬರುತ್ತದೆ. ಅನ್ನಕ್ಕೂ ಹಾಗೇ ಮಾಡಿ. ಪಿವಟ್ ಟೇಬಲ್ ಬರುವವರಿಗೆ ನಾಲ್ಕೂ ಒಂದೇ ಸಲ ಸಿಗುತ್ತವೆ.

ನನ್ನ ಶೀಟಿನಲ್ಲಿ ಮುದ್ದೆಯ ದಿನಗಳು ಅನ್ನದ ದಿನಗಳಿಗಿಂತ ಚೆನ್ನಾಗಿ ಕಂಡವು. ತುಂಬ ಸಂತೋಷ ಆಯಿತು, ಮನೆಗೂ ಫೋನ್ ಮಾಡಿ ಹೇಳಿದೆ. ವಾರ ಕಳೆದ ಮೇಲೆ ಮೆಸ್ಸಿನ ಗೋಡೆಯ ಮೇಲಿನ ಮೆನು ಬೋರ್ಡ್ ನೋಡಿದಾಗ ಹೊಳೆಯಿತು. ನಮ್ಮಲ್ಲಿ ಮುದ್ದೆ ಮಾಡುವುದು ಮಂಗಳವಾರ ಮತ್ತು ಗುರುವಾರ. ನಮ್ಮ ವಿಭಾಗದ ಸೆಮಿನಾರ್, ಮೀಟಿಂಗ್ ಎಲ್ಲ ಇರುವುದು ಸೋಮವಾರ, ಬುಧವಾರ. ಮುದ್ದೆಯ ದಿನ ಕಂತು ಜಾಸ್ತಿ ಆಗಿದ್ದು ಮುದ್ದೆಯಿಂದಲಾ, ಮೀಟಿಂಗ್ ಇಲ್ಲದ್ದರಿಂದಲಾ? ಈ ಶೀಟಿನಿಂದ ಹೇಳಲು ಸಾಧ್ಯವೇ ಇಲ್ಲ. ಊಟವೂ ವಾರವೂ ಗಂಟು ಹಾಕಿಕೊಂಡಿವೆ.

ಇದೇ ಥರದ ಗಂಟು ಹೆಸರುವಾಸಿ ಅಧ್ಯಯನವೊಂದರಲ್ಲೂ ಇದೆ. 2011ರಲ್ಲಿ ಇಸ್ರೇಲಿನ ಪೆರೋಲ್ ಜಡ್ಜ್‌ಗಳ ತೀರ್ಪುಗಳನ್ನು ನೋಡಿದ ಸಂಶೋಧಕರು, ತಿಂಡಿ ಊಟದ ವಿರಾಮ ಮುಗಿದ ಕೂಡಲೇ ಸುಮಾರು 65 ಶೇಕಡಾ ಅರ್ಜಿ ಒಪ್ಪಿಗೆಯಾಗುತ್ತವೆ, ಮುಂದಿನ ವಿರಾಮದ ಹೊತ್ತಿಗೆ ಅದು ಸೊನ್ನೆಯ ಹತ್ತಿರ ಬರುತ್ತದೆ ಅಂತ ಬರೆದರು. ಹಸಿದ ಜಡ್ಜ್ ಕಠಿಣ ಅಂತ ಎಲ್ಲ ಕಡೆ ಸುದ್ದಿಯಾಯಿತು. ಆಮೇಲೆ ಬೇರೆಯವರು ನೋಡಿ, ಅರ್ಜಿಗಳ ಸರದಿ ಕಣ್ಣುಮುಚ್ಚಿ ಮಾಡಿದ್ದಲ್ಲ, ವಕೀಲರಿಲ್ಲದ ಕೈದಿಗಳು ಸರದಿಯ ಕೊನೆಗೆ ಬರುತ್ತಿದ್ದರು ಅಂತ ತೋರಿಸಿದರು. ಹಾಗಾದರೆ ಕೊನೆಯವರಿಗೆ ಒಪ್ಪಿಗೆ ಸಿಗದಿದ್ದು ಜಡ್ಜ್ ಹಸಿವಿನಿಂದಲಾ, ವಕೀಲರಿಲ್ಲದ್ದರಿಂದಲಾ?

ಗಂಟು ಬಿಡಿಸುವ ಒಂದು ದಾರಿ ಇದೆ, ನಾಣ್ಯ. ಊಟದ ಥರ ನಮ್ಮ ಕೈಯಲ್ಲಿಲ್ಲ, ಹೊತ್ತು ಇದೆ. ನಾನು ಒಂದು ತಿಂಗಳು ಪ್ರತಿದಿನ ಬೆಳಿಗ್ಗೆ ನಾಣ್ಯ ಚಿಮ್ಮಿದೆ. ಹೆಡ್ ಬಿದ್ದರೆ ಒಂದು ಗಂಟೆಗೆ ಊಟ, ಟೇಲ್ ಬಿದ್ದರೆ ಎರಡೂವರೆಗೆ. ಹೀಗೆ ಮಾಡಿದರೆ ಸೋಮವಾರಗಳೂ, ಸೆಮಿನಾರ್‌ಗಳೂ, ನಿದ್ದೆಗೆಟ್ಟ ದಿನಗಳೂ ಎರಡೂ ಕಡೆ ಹಂಚಿಹೋಗುತ್ತವೆ. ಇನ್ನೊಂದು ಗೊಂದಲವೂ ಹೋಗುತ್ತದೆ. ಮೊದಲಿನ ಶೀಟಿನಲ್ಲಿ ಲೇಟಾಗಿ ಉಂಡ ದಿನ ಕೆಲಸ ಜಾಸ್ತಿ ಅಂತ ಕಾಣುತ್ತಿತ್ತು. ನಿಜ ಏನೆಂದರೆ ಕೆಲಸ ಚೆನ್ನಾಗಿ ಸಾಗುತ್ತಿದ್ದ ದಿನ ನಾನೇ ಏಳದೆ ಕೂತು ಊಟ ಲೇಟ್ ಮಾಡುತ್ತಿದ್ದೆ. ಲೇಟಾದ ಊಟದಿಂದ ಕೆಲಸ ಆಗಿದ್ದಲ್ಲ, ಕೆಲಸದಿಂದ ಊಟ ಲೇಟಾಗಿದ್ದು. ನಾಣ್ಯ ಹೇಳಿದ ಹೊತ್ತಿಗೆ ಉಂಡಾಗ ಆ ತಿರುಗುಮುರುಗು ನಿಂತಿತು. ನನಗೆ ಒಂದು ಗಂಟೆಯ ಊಟವೇ ಒಳ್ಳೆಯದು ಅಂತ ಕಂಡಿತು. ನಿಮಗೆ ಬೇರೆ ಇರಬಹುದು.

ಕೋರಿಲೇಷನ್, ಅಂದರೆ ಎರಡು ಕಾಲಂನ ಅಂಕಿಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಅಂತ ಹೇಳುವ ಸಂಖ್ಯೆ, ತೆಗೆಯುವವರು ಒಂದು ಅಂದಾಜು ಇಟ್ಟುಕೊಳ್ಳಿ. 30 ದಿನದ ಶೀಟಿನಲ್ಲಿ ಆ ಸಂಖ್ಯೆ 0.36 ದಾಟದಿದ್ದರೆ, ಸಾಮಾನ್ಯವಾಗಿ ಬಳಸುವ 5 ಶೇಕಡಾ ಮಟ್ಟದಲ್ಲಿ ಅದು ಬರೀ ಆಕಸ್ಮಿಕವೂ ಇರಬಹುದು. 60 ದಿನವಾದರೆ 0.25ರ ಆಸುಪಾಸು ಸಾಕು. ಹಾಗೇ ಕಾಫಿ, ಮೊಸರು, ಬಾಳೆಹಣ್ಣು ಅಂತ ಹತ್ತು ಬೇರೆ ಬೇರೆ ವಿಷಯ ಪರೀಕ್ಷೆ ಮಾಡುತ್ತಾ ಹೋದರೆ, ಯಾವುದರಲ್ಲೂ ನಿಜವಾದ ಸಂಬಂಧ ಇಲ್ಲದಿದ್ದರೂ ಒಂದಾದರೂ ಇದೆ ಅಂತ ಕಾಣುವ ಸಾಧ್ಯತೆ ಸುಮಾರು 40 ಶೇಕಡಾ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ.

ಮಧ್ಯಾಹ್ನದ ಮಂಪರನ್ನು ಪೂರ್ತಿಯಾಗಿ ಊಟದ ತಲೆಗೆ ಕಟ್ಟಬೇಡಿ. ದೇಹದ ಗಡಿಯಾರದಿಂದಲೇ ಆ ಹೊತ್ತಿಗೆ ಎಚ್ಚರ ಸ್ವಲ್ಪ ಕುಗ್ಗುತ್ತದೆ, ಉಣ್ಣದಿದ್ದರೂ ಕುಗ್ಗುತ್ತದೆ. ಭಾರೀ ಊಟ, ಕಡಿಮೆ ನಿದ್ದೆ ಎರಡೂ ಅದನ್ನು ಹೆಚ್ಚಿಸುತ್ತವೆ. ನಿದ್ದೆಯ ಕಾಲಂ ಇಟ್ಟಿದ್ದು ಇದಕ್ಕೇ. ಈಗ ನಾನು ಎರಡೂವರೆಯಿಂದ ಮೂರೂವರೆವರೆಗೆ ಬರೆಯಲು ಕೂರುವುದಿಲ್ಲ. ರೆಫರೆನ್ಸ್ ಸರಿ ಮಾಡುತ್ತೇನೆ, ಸ್ಕ್ಯಾನ್ ಮಾಡುತ್ತೇನೆ, ಇಲ್ಲ ಕುಕ್ಕರಹಳ್ಳಿ ಕೆರೆಯ ಕಡೆ ಮರದ ನೆರಳಿನಲ್ಲಿ ಒಂದು ಸುತ್ತು ಹೋಗಿ ಬರುತ್ತೇನೆ.

ಹಾಗಾದರೆ ಯಾವುದು?

ಊಟ ತಪ್ಪುತ್ತಿದೆ ಅಂತ ಅನುಮಾನ ಮಾತ್ರ ಇರುವವರು ಎರಡು ವಾರ ನೋಟ್‌ಬುಕ್ ಇಡಿ. ಪೋಷಕಾಂಶ ಬೇಕಾದವರು, ಅದರಲ್ಲೂ ಮನೆಯಲ್ಲೇ ಅಡುಗೆ ಮಾಡುವವರು ಆ್ಯಪ್ ಹಾಕಿಕೊಳ್ಳಿ. ಊಟವೂ ಕೆಲಸವೂ ಒಟ್ಟಿಗೆ ಬೇಕಾದವರು ದಿನಕ್ಕೆ ಒಂದು ಸಾಲಿನ ಶೀಟು ಮಾಡಿ, ಒಂಬತ್ತು ಕಾಲಂ ದಾಟಬೇಡಿ. ಬಣ್ಣ, ಗ್ರಾಫ್ ಅಂತ ಶೀಟನ್ನೇ ಚಂದ ಮಾಡುತ್ತಾ ಕೂತರೆ ಅದಕ್ಕೇ ಎರಡು ಕಂತು ಹೋಗುತ್ತದೆ. ಕೆಳಗಿನ ಸಾಲು ತುಂಬಲು ದಿನಕ್ಕೆ ಎರಡು ನಿಮಿಷ ಮೀರಿದರೆ ಒಂದು ಕಾಲಂ ಕಿತ್ತುಹಾಕಿ. ಡಿಸೆಂಬರಿನಲ್ಲಿ ಅವರೆಕಾಯಿ ಬಂದಾಗ ಹಿತಕಿದ ಬೇಳೆಗೆ ಹೊಸ ಆಯ್ಕೆ ಸೇರಿಸಬೇಕು ಅನ್ನಿಸುತ್ತದೆ. ಬೇಡ, ಟಿಪ್ಪಣಿಯಲ್ಲಿ ಬರೆಯಿರಿ. ದಸರಾ ರಜೆಯಲ್ಲಿ ಶೀಟು ನಿಲ್ಲಿಸಿ, ಆ ದಿನಗಳನ್ನು ಖಾಲಿ ಬಿಡಿ.

ಎರಡನ್ನು ಸೇರಿಸಿ ಬಳಸುವುದೂ ಇದೆ. ಮಂಡ್ಯದಿಂದ ದಿನಾ ರೈಲಿನಲ್ಲಿ ಬರುವ ನನ್ನ ಗೆಳತಿ ಹಾಗೇ ಮಾಡುತ್ತಾಳೆ. ಸುಮಾರು 45 ಕಿಲೋಮೀಟರ್ ದಾರಿ, ಸೀಟು ಸಿಗದ ದಿನವೂ ಒಂದು ಕೈಯಲ್ಲಿ ಬರೆಯಲು ಸಣ್ಣ ನೋಟ್‌ಬುಕ್ ಸಾಕು. ಭಾನುವಾರ ಬೆಳಿಗ್ಗೆ ಏಳು ಸಾಲನ್ನೂ ಶೀಟಿಗೆ ಹಾಕುತ್ತಾಳೆ, ಕಾಲು ಗಂಟೆಯ ಕೆಲಸ. ರೈಲು ಹಿಡಿಯುವ ಅವಸರದಲ್ಲಿ ಆರೂವರೆಗೆ ತಿಂಡಿ, ಮಧ್ಯಾಹ್ನ ಎರಡಕ್ಕೆ ಊಟ – ನಡುವೆ ಏಳೂವರೆ ಗಂಟೆ ಬರೀ ಕಾಫಿ. ಆರು ವಾರದ ಶೀಟಿನಲ್ಲಿ ಅವಳ ಬೆಳಗಿನ ಕಂತುಗಳು ಹನ್ನೊಂದಕ್ಕೆ ನಿಂತುಹೋಗುತ್ತಿದ್ದವು, ಹೆಚ್ಚುಕಡಿಮೆ ದಿನವೂ. ಈಗ ಡಬ್ಬಿಯನ್ನು ಎರಡು ಭಾಗ ಮಾಡಿ ತರುತ್ತಾಳೆ. ಹನ್ನೊಂದಕ್ಕೆ ವಿಭಾಗದ ವರಾಂಡದಲ್ಲಿ ಒಂದು ಭಾಗ, ಒಂದೂವರೆಗೆ ಇನ್ನೊಂದು. ಡಬ್ಬಿಯ ಹೊತ್ತಿಗೂ ಶೀಟಿನಲ್ಲಿ ಒಂದು ಕಾಲಂ ಸೇರಿಸಿದ್ದಾಳೆ, ಅದಕ್ಕಾಗಿ ತಿಂಡಿಯ ಕಾಲಂ ತೆಗೆದಿದ್ದಾಳೆ.